ಪೆಟ್ಟಾಗದೆ ನೆಲಕ್ಕುರುಳುವ ಆಟಗಾರರು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಮಗಳು ಅಮೆರಿಕದ ಟೆನೆಸ್ಸಿ ರಾಜ್ಯದ ನಾಕ್ಸ್‌ವಿಲ್‌ನಲ್ಲಿ ಓದುತ್ತಿದ್ದಾಳೆ. ಅವಳನ್ನು ನೋಡಲು ಹೋಗಿದ್ದಾಗ ಅಲ್ಲಿನ ವಿಶ್ವವಿದ್ಯಾಲಯದ ಫುಟ್‌ಬಾಲ್ ಪಂದ್ಯವೊಂದನ್ನು ನೋಡಿದೆ. ಮನೆಯಂಗಳದ ತಂಡ ಬಿಡುವೇ ಕೊಡದೆ ಮುನ್ನುಗ್ಗುತ್ತಿದ್ದಾಗ ಎದುರಾಳಿಗಳಲ್ಲಿ ಒಬ್ಬ ಕಾಲು ಹಿಡಿದುಕೊಂಡು ಬಿದ್ದ. ಸ್ವಲ್ಪ ಹೊತ್ತಿನಲ್ಲೇ ಅವನು ಮತ್ತೆ ಮೈದಾನದಲ್ಲಿದ್ದ. ಆಗ ಇನ್ನೊಬ್ಬ ಬಿದ್ದ. ಪ್ರೇಕ್ಷಕರೆಲ್ಲ ‘ಬೂ’ ಎಂದು ಕೂಗಿದರು. ನಿಜವಾಗಿ ನಡೆಯುತ್ತಿದ್ದದ್ದೇನು? (ಮೈಸೂರಿನ ಓದುಗರು)

ಉತ್ತರ: ನೀವು ಕಂಡ ಆ ಇಬ್ಬರಿಗೆ ನಿಜಕ್ಕೂ ನೋವಾಗಿತ್ತೋ ಇಲ್ಲವೋ ಎಂಬುದನ್ನು ಇಲ್ಲಿ ಕುಳಿತು ಹೇಳಲು ಬರುವುದಿಲ್ಲ. ಆದರೆ ಪ್ರೇಕ್ಷಕರಿಗೆ ಅಂಥ ಅನುಮಾನ ಏಕೆ ಬಂತೆಂಬುದನ್ನು ಆಟದ ನಿಯಮಗಳಿಂದಲೇ ವಿವರಿಸಬಹುದು.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಹೊಂದಿರುವ ತಂಡಕ್ಕೆ ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶಗಳಿರುತ್ತವೆ. ಇವನ್ನು ‘ಡೌನ್’ ಎನ್ನುತ್ತಾರೆ. ಒಂದು ಡೌನ್ ಮುಗಿದ ಮೇಲೆ ಮುಂದಿನದನ್ನು ಆರಂಭಿಸಲು ಸಾಮಾನ್ಯವಾಗಿ 40 ಸೆಕೆಂಡುಗಳ ಕಾಲಾವಕಾಶವಿದೆ. ಹಿಂದೆಲ್ಲ ಆಟಗಾರರು ವೃತ್ತಾಕಾರವಾಗಿ ಗುಂಪುಗೂಡಿ ಮುಂದಿನ ತಂತ್ರವನ್ನು ಪಿಸುಗುಟ್ಟಿಕೊಂಡು, ಈ ಸಮಯವನ್ನು ಬಹುಪಾಲು ಬಳಸಿಕೊಂಡೇ ಸಾಲಿಗೆ ಬರುತ್ತಿದ್ದರು. ವೇಗದ ಆಕ್ರಮಣ ನಡೆಸುವ ತಂಡಗಳು ಆ ಗುಂಪುಗೂಡುವಿಕೆಯನ್ನೇ ಕೈಬಿಟ್ಟವು. ಅಂಚಿನಲ್ಲಿ ನಿಂತ ಕೋಚ್‌ಗಳ ಕೈಸನ್ನೆ ಮತ್ತು ಫಲಕಗಳನ್ನು ನೋಡಿಕೊಂಡು, ರೆಫರಿ ಚೆಂಡನ್ನು ನೆಲದ ಮೇಲಿಟ್ಟು ಸರಿದ ಕೂಡಲೇ ಮುಂದಿನ ಆಟ ಆರಂಭಿಸಲು ಕಲಿತವು. 2009ರಿಂದ 2012ರವರೆಗೆ ಆರೆಗನ್ ವಿಶ್ವವಿದ್ಯಾಲಯದ ಮುಖ್ಯ ಕೋಚ್ ಆಗಿದ್ದ ಚಿಪ್ ಕೆಲ್ಲಿ ಈ ಶೈಲಿಯನ್ನು ದೇಶವೆಲ್ಲ ತಿರುಗಿ ನೋಡುವಂತೆ ಮಾಡಿದರು. ನಿಮ್ಮ ಮಗಳ ಊರಿನ ತಂಡವೂ 2021ರಲ್ಲಿ ಜಾಶ್ ಹೈಪೆಲ್ ಕೋಚ್ ಆಗಿ ಬಂದಂದಿನಿಂದ ಇದೇ ದಾರಿಯಲ್ಲಿ ನಡೆದಿದೆ.

ಇದರ ತಿರುಳು ಇರುವುದು ಆಟಗಾರರ ಬದಲಾವಣೆಯ ನಿಯಮದಲ್ಲಿ. ಆಕ್ರಮಣ ಮಾಡುವವರು ತಮ್ಮ ಆಟಗಾರರನ್ನು ಬದಲಾಯಿಸಿದರೆ ರಕ್ಷಣೆಯ ತಂಡಕ್ಕೂ ಬದಲಾಯಿಸಿಕೊಳ್ಳಲು ಸಮಯ ಕೊಡಲೇಬೇಕು. ಅಲ್ಲಿಯವರೆಗೆ ಅಂಪೈರ್ ಚೆಂಡಿನ ಬಳಿ ನಿಂತು ಆಟವನ್ನು ತಡೆಹಿಡಿಯುತ್ತಾರೆ. ಆಕ್ರಮಣ ಮಾಡುವವರು ಅದೇ ಹನ್ನೊಂದು ಮಂದಿಯನ್ನು ಉಳಿಸಿಕೊಂಡರೆ ರಕ್ಷಣೆಯವರಿಗೆ ಅಂಥ ಹಕ್ಕು ಇಲ್ಲ. ಹೀಗಾಗಿ ನೂರಮೂವತ್ತು, ನೂರನಲವತ್ತು ಕಿಲೋ ತೂಗುವ, ಪ್ರತಿ ಡೌನ್‌ನಲ್ಲೂ ಮೈಗೆ ಮೈ ತಾಗಿಸಿ ತಳ್ಳಾಡಬೇಕಾದ ರಕ್ಷಣಾ ಸಾಲಿನ ಆಟಗಾರರು ಉಸಿರು ಕಟ್ಟಿದರೂ ಹೊರಗೆ ಹೋಗಲಾರದೆ ಸಿಕ್ಕಿಬೀಳುತ್ತಾರೆ. ಅವರಿಗಿರುವ ನ್ಯಾಯವಾದ ದಾರಿ ಎಂದರೆ ಟೈಮ್‌ಔಟ್ ಕೇಳುವುದು. ಆದರೆ ಅದು ಅರ್ಧ ಪಂದ್ಯಕ್ಕೆ ಮೂರು ಮಾತ್ರ. ಯಾರಾದರೂ ಗಾಯಗೊಂಡು ಬಿದ್ದರಾದರೋ ಆಟ ನಿಲ್ಲುತ್ತದೆ, ವೈದ್ಯಕೀಯ ಸಿಬ್ಬಂದಿ ಬರುತ್ತಾರೆ, ಉಳಿದವರು ನೀರು ಕುಡಿದು ಕೋಚ್‌ನ ಮಾತು ಕೇಳುತ್ತಾರೆ, ದಣಿದವರ ಜಾಗಕ್ಕೆ ಹೊಸಬರು ಬರುತ್ತಾರೆ. ಬಿದ್ದವನು ಒಂದೇ ಒಂದು ಡೌನ್ ಹೊರಗಿದ್ದರೆ ಸಾಕು. 2025ಕ್ಕೆ ಮೊದಲು ಇದಕ್ಕೆ ತಂಡ ತೆರಬೇಕಾಗಿದ್ದ ಬೆಲೆ ಬಹುತೇಕ ಇಷ್ಟೇ ಆಗಿತ್ತು.

ಇದು ಬರೀ ಅನುಮಾನವಾಗಿ ಉಳಿಯದೆ ಸಾಬೀತಾದ ಒಂದು ಪ್ರಸಂಗವಿದೆ. 2010ರ ನವೆಂಬರ್ 13ರಂದು ಬರ್ಕ್ಲಿಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ ಆರೆಗನ್ ತಂಡವನ್ನು ಎದುರಿಸಿತು. ಆ ವರ್ಷ ಪಂದ್ಯಕ್ಕೆ ಸರಾಸರಿ 47 ಅಂಕ ಗಳಿಸಿದ ಆರೆಗನ್ ಅಂದು ಕೇವಲ 15 ಅಂಕ ಗಳಿಸಿ, 15–13ರಿಂದ ಗೆದ್ದು ಪಾರಾಯಿತು. ಪಂದ್ಯದ ನಡುವೆ ಕ್ಯಾಲಿಫೋರ್ನಿಯಾದ ರಕ್ಷಣಾ ಆಟಗಾರನೊಬ್ಬ ಅಂಚಿನತ್ತ ನೋಡಿ, ಆಮೇಲೆ ಇದ್ದಕ್ಕಿದ್ದಂತೆ ಕುಸಿದದ್ದು ಕ್ಯಾಮೆರಾದಲ್ಲಿ ದಾಖಲಾಯಿತು. ಹಾಗೆ ಬೀಳಲು ಸೂಚಿಸಿದ್ದು ರಕ್ಷಣಾ ಸಾಲಿನ ಕೋಚ್ ಎಂಬುದು ಹೊರಬಂದು, ವಿಶ್ವವಿದ್ಯಾಲಯ ಅವರನ್ನು ಒಂದು ಪಂದ್ಯದ ಮಟ್ಟಿಗೆ ಅಮಾನತು ಮಾಡಿತು. ನನ್ನನ್ನು ಹೆಚ್ಚು ಕಾಡುವುದು ಈ ಸೂಚನೆಯ ವಿಷಯವೇ. ಬಿದ್ದವನು ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿ. ತಂಡದಲ್ಲಿ ಅವನ ಸ್ಥಾನ, ಎಷ್ಟೋ ಸಲ ಅವನ ವಿದ್ಯಾರ್ಥಿವೇತನ ಕೂಡ, ಕೋಚ್‌ಗಳ ತೀರ್ಮಾನವನ್ನು ಅವಲಂಬಿಸಿರುತ್ತದೆ. ಬೀಳು ಎಂದು ಹೇಳಿದವರಿಗೆ ಅವನು ಆಗುವುದಿಲ್ಲ ಎನ್ನುವುದು ಸುಲಭವಲ್ಲ. ಆದರೂ ಎಂಬತ್ತು, ತೊಂಬತ್ತು ಸಾವಿರ ಜನರ ಎದುರು ಮೋಸಗಾರನೆಂದು ಮೂದಲಿಸಿಕೊಳ್ಳುವವನು ಅವನೇ.

ಪ್ರಶ್ನೆ: 2024ರ ಟಿ20 ವಿಶ್ವಕಪ್‌ನಲ್ಲಿ ಬಾಂಗ್ಲಾದೇಶದ ವಿರುದ್ಧ ಆಡುವಾಗ ಆಫ್ಘಾನಿಸ್ತಾನದ ಗುಲ್ಬದಿನ್ ನಯೀಬ್ ಸ್ಲಿಪ್‌ನಲ್ಲಿ ನಿಂತಲ್ಲೇ ಕುಸಿದದ್ದು ನೆನಪಿದೆ. ಇವೆರಡೂ ಒಂದೇ ಅಲ್ಲವೇ? ಅಮೆರಿಕದಲ್ಲಿ ಈ ಚಾಳಿ ಯಾವಾಗ ಶುರುವಾಯಿತು? (ತುಮಕೂರಿನ ನಿವೃತ್ತ ದೈಹಿಕ ಶಿಕ್ಷಕರು)

ಉತ್ತರ: ಹೊರನೋಟಕ್ಕೆ ಒಂದೇ, ಉದ್ದೇಶ ಬೇರೆ. ಸೇಂಟ್ ವಿನ್ಸೆಂಟ್‌ನ ಆ ಪಂದ್ಯದಲ್ಲಿ ಮಳೆ ಹನಿಯುತ್ತಿತ್ತು, ಡಕ್ವರ್ತ್–ಲೂಯಿಸ್ ಲೆಕ್ಕದಲ್ಲಿ ಆಫ್ಘಾನಿಸ್ತಾನ ಮುಂದಿತ್ತು, ಆಟ ನಿಧಾನವಾಗಲಿ ಎಂದು ಕೋಚ್ ಹೊರಗಿನಿಂದ ಸನ್ನೆ ಮಾಡಿದ್ದೂ ಕಾಣಿಸಿತ್ತು. ನಯೀಬ್ ತಮಗೆ ಸ್ನಾಯು ಸೆಳೆತವಾಗಿತ್ತೆಂದೇ ಹೇಳಿದರು. ಅಲ್ಲಿ ಲಾಭವಿದ್ದದ್ದು ಗಡಿಯಾರ ಓಡುವುದರಲ್ಲಿ. ಕಾಲೇಜು ಫುಟ್‌ಬಾಲ್‌ನ ರಕ್ಷಣಾ ತಂಡಕ್ಕೆ ಬೇಕಾದದ್ದು ಉಸಿರು ತೆಗೆದುಕೊಳ್ಳುವಷ್ಟು ಬಿಡುವು.

ಈ ಚಾಳಿ ವೇಗದ ಆಕ್ರಮಣಕ್ಕಿಂತ ಬಹಳ ಹಳೆಯದು. 1953ರ ನವೆಂಬರ್ 21ರಂದು ನೋಟರ್ ಡೇಮ್ ವಿಶ್ವವಿದ್ಯಾಲಯವು ಅಯೋವಾ ತಂಡದ ಎದುರು ಮೊದಲ ಅರ್ಧದ ಕೊನೆಯ ಕ್ಷಣಗಳಲ್ಲಿ ಹಿಂದಿತ್ತು. ಗಡಿಯಾರ ನಿಲ್ಲಿಸಲು ಟೈಮ್‌ಔಟ್‌ಗಳು ಉಳಿದಿರಲಿಲ್ಲ. ಆಗ ಫ್ರ್ಯಾಂಕ್ ವ್ಯಾರಿಕಿಯೋನ್ ಎಂಬ ಆಟಗಾರ ಬೆನ್ನು ಹಿಡಿದುಕೊಂಡು ಬಿದ್ದರು, ಗಡಿಯಾರ ನಿಂತಿತು, ಮುಂದಿನ ಆಟದಲ್ಲೇ ನೋಟರ್ ಡೇಮ್ ಅಂಕ ಗಳಿಸಿತು. ಪಂದ್ಯದ ಕೊನೆಯಲ್ಲೂ ಇಂಥದೇ ಪ್ರಸಂಗ ಮರುಕಳಿಸಿ, ಪಂದ್ಯ 14–14ರ ಸಮಬಲದಲ್ಲಿ ಮುಗಿಯಿತು. ‘ಫೈಟಿಂಗ್ ಐರಿಷ್’ ಎಂದು ಕರೆಸಿಕೊಳ್ಳುತ್ತಿದ್ದ ತಂಡಕ್ಕೆ ‘ಫೇಂಟಿಂಗ್ ಐರಿಷ್’, ಎಂದರೆ ಮೂರ್ಛೆ ಬೀಳುವ ಐರಿಷ್, ಎಂಬ ಅಡ್ಡಹೆಸರು ಅಂಟಿಕೊಂಡಿತು. ಇಲ್ಲಿ ಬಿದ್ದದ್ದು ಆಕ್ರಮಣ ಮಾಡುತ್ತಿದ್ದ ತಂಡದವನು ಎಂಬುದನ್ನು ಗಮನಿಸಬೇಕು. ಗಾಯವೊಂದು ಪುಕ್ಕಟೆ ಟೈಮ್‌ಔಟ್ ಆಗಿರುವವರೆಗೆ ಎರಡೂ ಕಡೆಯವರಿಗೆ ಅದರ ಆಸೆ ಇದ್ದೇ ಇರುತ್ತದೆ.

ಪ್ರಶ್ನೆ: ರೆಫರಿ ಇದಕ್ಕೆ ದಂಡ ವಿಧಿಸಬಾರದೇಕೆ? ಬಿದ್ದವನನ್ನು ಆ ಇಡೀ ಸರದಿ, ಎಂದರೆ ಚೆಂಡು ಒಂದೇ ತಂಡದ ಕೈಯಲ್ಲಿರುವ ಅವಧಿ, ಮುಗಿಯುವವರೆಗೆ ಹೊರಗೆ ಕೂರಿಸಿದರೆ ಸಮಸ್ಯೆ ಮುಗಿಯುವುದಿಲ್ಲವೇ? (ಧಾರವಾಡದ ವಿದ್ಯಾರ್ಥಿ)

ಉತ್ತರ: ಗಾಯದ ಸೋಗು ಹಾಕುವುದು ಅಪ್ರಾಮಾಣಿಕ, ಕ್ರೀಡಾಧರ್ಮಕ್ಕೆ ವಿರುದ್ಧ ಎಂದು ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಯ ನಿಯಮಪುಸ್ತಕದ ನೀತಿಸಂಹಿತೆಯಲ್ಲೇ ಬರೆದಿದೆ. ಆದರೆ ನೀತಿಸಂಹಿತೆಯ ಆ ಮಾತಿನ ಹಿಂದೆ ಮೈದಾನದಲ್ಲಿ ವಿಧಿಸಬಹುದಾದ ದಂಡವಿಲ್ಲ. ಅದಕ್ಕೆ ಕಾರಣವೂ ಸರಿಯಾದದ್ದೇ. ಬಿದ್ದವನ ಸ್ನಾಯು ಹಿಡಿದುಕೊಂಡಿದೆಯೋ ಇಲ್ಲವೋ ಎಂದು ಹತ್ತು ಗಜ ದೂರದಲ್ಲಿ ನಿಂತ ರೆಫರಿ ಹೇಳಲಾರರು. ವೈದ್ಯರಿಗೂ ಎಷ್ಟೋ ಸಲ ಆಟಗಾರನ ಮಾತೇ ಆಧಾರ.

ಬೇರೆ ದಾರಿಗಳನ್ನು ಹುಡುಕಿದ್ದುಂಟು. 2014ರ ಫೆಬ್ರವರಿಯಲ್ಲಿ ನಿಯಮ ಸಮಿತಿಯು ಒಂದು ಪ್ರಸ್ತಾವ ಮುಂದಿಟ್ಟಿತು: 40 ಸೆಕೆಂಡುಗಳಲ್ಲಿ ಮೊದಲ ಹತ್ತು ಕಳೆಯುವ ಮುನ್ನ ಆಕ್ರಮಣ ತಂಡ ಆಟ ಆರಂಭಿಸಬಾರದು, ಆ ಹತ್ತು ಸೆಕೆಂಡುಗಳಲ್ಲಿ ರಕ್ಷಣಾ ತಂಡ ಆಟಗಾರರನ್ನು ಬದಲಾಯಿಸಿಕೊಳ್ಳಬಹುದು. ಅಲಬಾಮಾದ ಕೋಚ್ ನಿಕ್ ಸೇಬನ್, ಅರ್ಕಾನ್ಸಾದ ಕೋಚ್ ಬ್ರೆಟ್ ಬೀಲೆಮಾ ಆಟಗಾರರ ಸುರಕ್ಷತೆಯ ಹೆಸರಿನಲ್ಲಿ ಇದರ ಪರವಾಗಿ ವಾದಿಸಿದರು. ವೇಗದಿಂದ ಗಾಯ ಹೆಚ್ಚುತ್ತದೆ ಎಂಬುದಕ್ಕೆ ಪುರಾವೆ ಎಲ್ಲಿದೆ ಎಂದು ವೇಗದ ಆಟದ ಕೋಚ್‌ಗಳು ಕೇಳಿದರು. ಮಾರ್ಚ್‌ನಲ್ಲಿ ಪ್ರಸ್ತಾವ ಬಿದ್ದುಹೋಯಿತು. ಅದು ಬಿದ್ದುಹೋದದ್ದು ಒಳ್ಳೆಯದಾಯಿತೆಂದೇ ನಾನು ಭಾವಿಸುತ್ತೇನೆ. ನಿಯಮದೊಳಗೆ ಆಡಿ, ಬೆವರು ಸುರಿಸಿ ಗಳಿಸಿಕೊಂಡ ಮೇಲುಗೈಯನ್ನು, ಅದನ್ನು ತಡೆಯಲಾರದವರ ಅನುಕೂಲಕ್ಕಾಗಿ ಕಿತ್ತುಕೊಳ್ಳುವುದು ನ್ಯಾಯವಲ್ಲ.

2022ರಲ್ಲಿ, ಅನುಮಾನಾಸ್ಪದ ಪ್ರಸಂಗಗಳ ವಿಡಿಯೊಗಳನ್ನು ತೀರ್ಪುಗಾರರ ರಾಷ್ಟ್ರೀಯ ಸಂಯೋಜಕರಿಗೆ ಕಳುಹಿಸುವ ವ್ಯವಸ್ಥೆ ಬಂತು. ಶಿಕ್ಷೆಯ ಅಧಿಕಾರ ಮಾತ್ರ ವಿಶ್ವವಿದ್ಯಾಲಯಗಳ ಮತ್ತು ಅವುಗಳ ಒಕ್ಕೂಟಗಳ ಕೈಯಲ್ಲೇ ಉಳಿಯಿತು. ಅವುಗಳಲ್ಲಿ ಬಲಿಷ್ಠವಾದ ಆಗ್ನೇಯ ಒಕ್ಕೂಟ, ಎಂದರೆ ಎಸ್‌ಇಸಿ, 2024ರ ನವೆಂಬರ್ ಮೊದಲ ದಿನ ಖಡಕ್ ಪತ್ರವೊಂದನ್ನು ಬರೆಯಿತು. ಸೋಗು ಸಾಬೀತಾದರೆ ಮೊದಲ ಸಲ ಮುಖ್ಯ ಕೋಚ್‌ಗೆ 50,000 ಡಾಲರ್ ದಂಡ, ಎರಡನೆಯ ಸಲ 1,00,000 ಡಾಲರ್, ಮೂರನೆಯ ಸಲ ಒಂದು ಪಂದ್ಯದ ಅಮಾನತು ಎಂದು ಅದು ಎಚ್ಚರಿಸಿತು. ಹೊಣೆ ಸೇರಬೇಕಾದ ತಲೆಗೆ ಸೇರಿದ್ದು ಈ ಪತ್ರದಲ್ಲಿ ನನಗೆ ಮೆಚ್ಚುಗೆಯಾದ ಅಂಶ.

ಎನ್‌ಸಿಎಎ 2025ರಲ್ಲಿ ತಂದ ನಿಯಮ ಇನ್ನೂ ಸರಳ. ಮುಂದಿನ ಆಟಕ್ಕಾಗಿ ರೆಫರಿ ಚೆಂಡನ್ನು ನೆಲದ ಮೇಲಿಟ್ಟ ನಂತರ ಗಾಯಾಳುವನ್ನು ನೋಡಲು ವೈದ್ಯಕೀಯ ಸಿಬ್ಬಂದಿ ಮೈದಾನಕ್ಕೆ ಬಂದರೆ ಆ ತಂಡದ ಒಂದು ಟೈಮ್‌ಔಟ್ ಕಳೆಯಲಾಗುತ್ತದೆ. ಟೈಮ್‌ಔಟ್ ಉಳಿದಿಲ್ಲದಿದ್ದರೆ ಐದು ಗಜಗಳ ದಂಡ. ನೋವು ನಿಜವೋ ಸುಳ್ಳೋ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಬಿದ್ದ ಹೊತ್ತನ್ನು ಮಾತ್ರ ನೋಡುತ್ತಾರೆ. ಏಕೆಂದರೆ ಪೆಟ್ಟು ಬೀಳುವುದು ಸಾಮಾನ್ಯವಾಗಿ ಆಟ ನಡೆಯುವಾಗ. ಎದ್ದು ನಡೆದುಕೊಂಡು ಬಂದು ತನ್ನ ಜಾಗದಲ್ಲಿ ನಿಂತು, ಅಂಚಿನತ್ತ ಒಮ್ಮೆ ನೋಡಿ ಆಮೇಲೆ ಕುಸಿಯುವುದೇ ಸೋಗಿನ ಲಕ್ಷಣ. ಇದರಲ್ಲಿ ಒಂದು ಕಿಂಡಿ ಉಳಿದಿದೆ: ಚೆಂಡು ಇಡುವ ಮೊದಲೇ, ಆಟ ಮುಗಿದ ಜಾಗದಲ್ಲೇ ಮಲಗಿಬಿಟ್ಟವನಿಗೆ ಈ ನಿಯಮ ತಾಗುವುದಿಲ್ಲ.

ಇಡೀ ಸರದಿ ಹೊರಗಿಡುವ ನಿಮ್ಮ ಸಲಹೆ ಅಲ್ಲಿಯೂ ಕೇಳಿಬಂದಿದೆ. ಸೋಗು ತಡೆಯಲು ಅದು ಬಹುಶಃ ಎಲ್ಲಕ್ಕಿಂತ ಪರಿಣಾಮಕಾರಿ. ಆದರೂ ನಾನು ಅದನ್ನು ಒಪ್ಪಲು ಹಿಂಜರಿಯುತ್ತೇನೆ. ಫುಟ್‌ಬಾಲ್ ಆಟಗಾರರಲ್ಲಿ ನೋವು ತೋರಿಸಿಕೊಳ್ಳುವವರಿಗಿಂತ ಮುಚ್ಚಿಡುವವರು ಹೆಚ್ಚು. ತಲೆಗೆ ಪೆಟ್ಟಾಗಿ ಕಣ್ಣು ಮಂಜಾಗುತ್ತಿದ್ದರೂ ಹೇಳದೆ ಮುಂದಿನ ಆಟಕ್ಕೆ ನಿಲ್ಲುವವರು ಎಷ್ಟೋ ಮಂದಿ. ಬಿದ್ದರೆ ಹತ್ತು ಹನ್ನೆರಡು ಡೌನ್ ಕಳೆದುಕೊಳ್ಳಬೇಕು ಎಂದಾದರೆ, ಮುಚ್ಚಿಡುವ ಆ ಹುಡುಗನಿಗೆ ಇನ್ನೊಂದು ಕಾರಣ ಕೊಟ್ಟಂತಾಗುತ್ತದೆ. ಟೈಮ್‌ಔಟ್ ಕಳೆಯುವ ನಿಯಮದಲ್ಲಿ ನಷ್ಟವಾಗುವುದು ತಂಡಕ್ಕೆ, ನೆಲಕ್ಕೆ ಬಿದ್ದವನಿಗಲ್ಲ.

ಪ್ರಶ್ನೆ: ನಾನು ಫಿಸಿಯೋಥೆರಪಿಸ್ಟ್. ನಿಜವಾಗಿ ಗಾಯಗೊಂಡವನನ್ನೂ ಪ್ರೇಕ್ಷಕರು ಹೀಗೆ ಮೂದಲಿಸುವುದಿಲ್ಲವೇ? (ಬೆಂಗಳೂರಿನ ಓದುಗರು)

ಉತ್ತರ: ಮೂದಲಿಸುತ್ತಾರೆ. ಸ್ನಾಯು ಸೆಳೆತ ಹೇಗೆ ಬರುತ್ತದೆಂಬುದು ನಿಮಗೆ ಗೊತ್ತಿರುವುದೇ: ಸುಸ್ತಾದ ಕಾಲು ಯಾರೂ ತಾಗದಿದ್ದರೂ ನಿಂತಲ್ಲೇ ಹಿಡಿದುಕೊಳ್ಳಬಹುದು, ಐದು ನಿಮಿಷ ಎಳೆದು ನೀವಿದರೆ ಸರಿಹೋಗಲೂಬಹುದು. ಸೆಪ್ಟೆಂಬರ್‌ನ ಸೆಕೆಯಲ್ಲಿ ವೇಗದ ತಂಡದ ಎದುರು ಆಡುವವರಿಗೆ ಅದು ಹೆಚ್ಚಾಗಿಯೇ ಬರುತ್ತದೆ. ದೂರದ ಆಸನದಲ್ಲಿ ಕುಳಿತವರಿಗೆ ಅಂಥವನಿಗೂ ಸೋಗು ಹಾಕುವವನಿಗೂ ವ್ಯತ್ಯಾಸ ಕಾಣುವುದಿಲ್ಲ.

2021ರ ಅಕ್ಟೋಬರ್ 9ರಂದು ಅಯೋವಾ ತಂಡವು ತನ್ನ ಮೈದಾನದಲ್ಲಿ ಪೆನ್ ಸ್ಟೇಟ್ ತಂಡವನ್ನು 23–20ರಿಂದ ಸೋಲಿಸಿತು. ಪೆನ್ ಸ್ಟೇಟ್ ಆಟಗಾರರು ಬಿದ್ದಾಗಲೆಲ್ಲ ಪ್ರೇಕ್ಷಕರು ‘ಬೂ’ ಎಂದರು. 1953ರಲ್ಲಿ ಮೋಸಹೋದೆವೆಂದು ನೊಂದದ್ದೂ ಇದೇ ಅಯೋವಾ ತಂಡದವರು. ಅವರ ಕೋಚ್ ಕರ್ಕ್ ಫೆರೆಂಟ್ಜ್ ಪ್ರೇಕ್ಷಕರ ಪರವಾಗಿ ನಿಂತರೆ, ಪೆನ್ ಸ್ಟೇಟ್‌ನ ಜೇಮ್ಸ್ ಫ್ರಾಂಕ್ಲಿನ್ ತಮ್ಮ ತಂಡ ಸೋಗು ಹಾಕಲಿಲ್ಲವೆಂದು ಸಾರಿದರು. ಆ ದಿನ ಪೆಟ್ಟು ಮಾಡಿಕೊಂಡವರಲ್ಲಿ ಪೆನ್ ಸ್ಟೇಟ್ ರಕ್ಷಣಾ ಸಾಲಿನ ಆಧಾರವಾಗಿದ್ದ ಪಿ. ಜೆ. ಮಸ್ಟಿಫರ್ ಒಬ್ಬರು. ಆ ಋತುವಿನ ಉಳಿದ ಯಾವ ಪಂದ್ಯದಲ್ಲೂ ಅವರಿಗೆ ಆಡಲಾಗಲಿಲ್ಲ.