ಎರಡು ಎಕ್ಸ್‌ಟೆಂಡರ್ ಹಾಕಿದರೂ ಮೂರನೇ ಮಹಡಿಯಲ್ಲಿ ವೈಫೈ ನಿಲ್ಲುತ್ತಿಲ್ಲ, ಏನು ಮಾಡಲಿ?

30×40 ಸೈಟಿನ ಮನೆ, ರೂಟರ್ ಕೆಳಗೆ, ಮೇಲಿನ ಎಕ್ಸ್‌ಟೆಂಡರ್ ನಡುವಿನದರಿಂದ ಸಿಗ್ನಲ್ ಎಳೆಯುತ್ತಿದೆ ಎಂದಿದ್ದೀರಿ. ಎಡವಟ್ಟು ಅಲ್ಲೇ. ಒಂದೇ ರೇಡಿಯೊ ಕೇಳಲೂಬೇಕು, ಹೇಳಲೂಬೇಕು. ಹಾಗಾಗಿ ಪ್ರತಿ ಹಂತದಲ್ಲೂ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಎರಡನ್ನೂ ನೇರ ರೂಟರಿಗೇ ಜೋಡಿಸಿ.

ನೆಟ್ ಸಿಗದ ರೂಮಿನಲ್ಲೇ ಎಕ್ಸ್‌ಟೆಂಡರ್ ಇಟ್ಟರೆ ಅದಕ್ಕೂ ಸಿಗುವುದಿಲ್ಲ! ವೈಫೈ ಅನಲೈಸರ್ ಆ್ಯಪ್ ಹಿಡಿದು ಮೆಟ್ಟಿಲು ಹತ್ತಿ, ರೂಟರಿನ ಸಿಗ್ನಲ್ -65 ಡಿಬಿಎಂಗಿಂತ (ಸಿಗ್ನಲ್ ಬಲದ ಅಳತೆ; -70 ಅಂದರೆ ಇನ್ನೂ ದುರ್ಬಲ) ಕೆಳಗಿಳಿಯುವ ಮುನ್ನವೇ ಎಕ್ಸ್‌ಟೆಂಡರ್ ಇಡಿ. ವೈಫೈನ ಎರಡು ಬ್ಯಾಂಡ್‌ಗಳಲ್ಲಿ ವೇಗದ್ದಾದ 5 ಗಿಗಾಹರ್ಟ್ಸ್ ಕಾಂಕ್ರೀಟ್ ಸ್ಲ್ಯಾಬ್ ದಾಟಲು ಒದ್ದಾಡುತ್ತದೆ, ಮೆಟ್ಟಿಲ ಸಂದಿಯಲ್ಲಿ ಸಲೀಸು.

ಮೇಲಕ್ಕೆ ಅಂಥ ಜಾಗವೇ ಸಿಗದಿದ್ದರೆ, ನನ್ನ ಕೇಳಿದರೆ, ಡಕ್ಟ್‌ನಲ್ಲಿ ಕ್ಯಾಟ್6 ನೆಟ್‌ವರ್ಕ್ ಕೇಬಲ್ ಎಳೆಸಿ. ಮೇಲಿನ ಎಕ್ಸ್‌ಟೆಂಡರಿಗೆ ಲ್ಯಾನ್ ಪೋರ್ಟ್ ಇದ್ದರೆ ಅದನ್ನೇ ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ಕೇಬಲ್‌ನಲ್ಲಿ ಬಂದ ನೆಟ್ಟನ್ನು ವೈಫೈ ಆಗಿ ಹಂಚುವ ಮೋಡ್) ಹಾಕಿ. ಅದರ ಡಿಎಚ್‌ಸಿಪಿ, ಅಂದರೆ ಫೋನ್‌ಗಳಿಗೆ ಐಪಿ ವಿಳಾಸ ಹಂಚುವ ಕೆಲಸ, ಆಫ್ ಆಗಿರಲಿ. ರೂಟರ್, ಎಕ್ಸ್‌ಟೆಂಡರ್ ಎರಡೂ ವಿಳಾಸ ಹಂಚಿದರೆ ಫೋನ್ ‘ಕನೆಕ್ಟೆಡ್’ ಅನ್ನುತ್ತದೆ, ನೆಟ್ ಇರುವುದಿಲ್ಲ. ಹೆಸರು, ಪಾಸ್‌ವರ್ಡ್ ರೂಟರಿನದೇ ಇರಲಿ. 2.4 ಗಿಗಾಹರ್ಟ್ಸ್‌ನಲ್ಲಿ ರೂಟರಿಗೆ ಚಾನೆಲ್ 1, ಮೇಲಿನ ಎಕ್ಸ್‌ಟೆಂಡರಿಗೆ 6 ಅಥವಾ 11. ಚಾನೆಲ್ ಅಗಲ 20 ಮೆಗಾಹರ್ಟ್ಸ್ ಸಾಕು.

ಕರೆಂಟ್ ಹೋದಾಗ ಮಿನಿ ಯುಪಿಎಸ್‌ನಲ್ಲಿ ರೂಟರ್ ಬದುಕಿದ್ದರೂ ಗೋಡೆ ಸಾಕೆಟ್‌ನ ಎಕ್ಸ್‌ಟೆಂಡರ್ ಸಾಯುತ್ತದೆ. ಹೊಸದು ಕೊಳ್ಳುವಾಗ 12 ವೋಲ್ಟ್ ಅಡಾಪ್ಟರ್ ಇರುವುದನ್ನೇ ಆರಿಸಿ, ಅದನ್ನೂ ಮಿನಿ ಯುಪಿಎಸ್‌ಗೆ ಜೋಡಿಸಬಹುದು.