ಫಿಲ್ಮ್ ಕ್ಲಬ್‌ನಲ್ಲಿ ‘ಮನಿಲಾ ಬೈ ನೈಟ್’ ತೋರಿಸಬೇಕು ಅಂತಿದ್ದೇವೆ, ಮುಜುಗರದ ದೃಶ್ಯಗಳನ್ನು ತೆಗೆದುಬಿಡಬಹುದಾ?

ದಯವಿಟ್ಟು ಬೇಡ. ನಾನು ಇದನ್ನೇ ಮಾಡಿ ಕೈ ಸುಟ್ಟುಕೊಂಡವನು.

ಆಗ ನಮ್ಮೂರಿನ ಫಿಲ್ಮ್ ಕ್ಲಬ್ ನಾನೇ ನೋಡಿಕೊಳ್ಳುತ್ತಿದ್ದೆ. ಹಿರಿಯರು, ಅವರ ಮನೆಯವರು ಎಲ್ಲ ಬರುತ್ತಾರೆ, ಸುಮ್ನೆ ಯಾಕೆ ರಗಳೆ ಅಂತ ಹಿಂದಿನ ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂತು ಈ ಫಿಲಿಪೀನ್ಸ್ ಸಿನಿಮಾಕ್ಕೆ ಕತ್ತರಿ ಹಾಕಿದೆ. ಅದರಲ್ಲಿ ಅಡೆಲಿನಾ ಅಂತ ಒಬ್ಬಳಿದ್ದಾಳೆ. ಬಿಳಿ ನರ್ಸ್ ಯೂನಿಫಾರ್ಮ್ ಹಾಕಿಕೊಂಡು ರಾತ್ರಿ ಮನೆಯಿಂದ ಹೊರಡುತ್ತಾಳೆ, ಹೋಗುವುದು ಆಸ್ಪತ್ರೆಗಲ್ಲ, ಮೈ ಮಾರುವ ಕೆಲಸಕ್ಕೆ. ಆ ಕೆಲಸದ ಭಾಗ ತೆಗೆದೆ. ಯೂನಿಫಾರ್ಮ್ ಉಳಿಯಿತು. ನಮ್ಮ ಪರದೆ ಮೇಲೆ ಅವಳು ಪಾಪ, ನೈಟ್ ಡ್ಯೂಟಿ ನರ್ಸ್! ಹಾಡುಗಾರ ಹುಡುಗ ಅಲೆಕ್ಸ್‌ನ ಡ್ರಗ್ಸ್ ದೃಶ್ಯಗಳೂ ಹೋದವು. ಆದರೆ ಅದು ಗೊತ್ತಾಗಿ ಅವನ ತಾಯಿ ಹುಚ್ಚೆದ್ದವಳ ಹಾಗೆ ಹೊಡೆಯುತ್ತಾಳಲ್ಲ, ಅದನ್ನು ಮಾತ್ರ ‘ಒಳ್ಳೆ ಅಭಿನಯ’ ಅಂತ ಇಟ್ಟುಕೊಂಡಿದ್ದೆ. ಕಾರಣವಿಲ್ಲದ ಹೊಡೆತ ನೋಡಿ ಜನ ನಕ್ಕರು. ಪೂರ್ತಿ ಸಿನಿಮಾ ನೋಡಿದ್ದ ಒಬ್ಬರು ಎದ್ದು ನಿಂತು, ‘ಫಿಲಿಪೀನ್ಸ್‌ನ ಸರ್ವಾಧಿಕಾರಿ ಮಾರ್ಕೋಸ್ ಕಾಲದ ಸೆನ್ಸಾರ್‌ನವರೇ ವಾಸಿ ಕಣ್ರೀ’ ಅಂದರು. ಮುಂದಿನ ಮೀಟಿಂಗ್‌ನಲ್ಲಿ ಕ್ಲಬ್ ನನ್ನ ಕೈತಪ್ಪಿತು.

ಆ ಕಾಲದಲ್ಲಿ ಈ ಸಿನಿಮಾ ಬಗ್ಗೆ ವಿವಾದ ಆಗಿದ್ದೇ ಆ ದೃಶ್ಯಗಳಿಂದ ಅಂತ ನೀವು ಅಂದುಕೊಂಡ ಹಾಗಿದೆ. ನಾನು ಒಪ್ಪಲ್ಲ. 1980ರಲ್ಲಿ ನಿರ್ದೇಶಕ ಇಸ್ಮಾಯೆಲ್ ಬೆರ್ನಾಲ್ ಇದನ್ನು ಮಾಡಿದಾಗ ಮೆಟ್ರೊ ಮನಿಲಾದ ಗವರ್ನರ್ ಆಗಿದ್ದವರು ಇಮೆಲ್ಡಾ ಮಾರ್ಕೋಸ್, ಸರ್ವಾಧಿಕಾರಿಯ ಹೆಂಡತಿ. ಊರಿಗೆ ಸುಣ್ಣಬಣ್ಣ ಬಳಿದು ಜಗತ್ತಿಗೆ ತೋರಿಸುವ ಹುಚ್ಚು ಅವರದು. ಸೆನ್ಸಾರ್‌ನವರು ದೃಶ್ಯಗಳ ಜೊತೆಗೆ ‘ಮನಿಲಾ’ ಅನ್ನುವ ಹೆಸರನ್ನೂ ಕಿತ್ತರು, ಶೀರ್ಷಿಕೆಯಿಂದಲೂ, ಪಾತ್ರಗಳ ಬಾಯಿಂದಲೂ. ಸಿನಿಮಾ ‘ಸಿಟಿ ಆಫ್ಟರ್ ಡಾರ್ಕ್’ ಅಂತ ತೆರೆಗೆ ಬಂತು. 1981ರ ಬರ್ಲಿನ್ ಚಿತ್ರೋತ್ಸವಕ್ಕೂ ಹೋಗಲು ಬಿಡಲಿಲ್ಲ. ಅಶ್ಲೀಲ ಅನ್ನುವುದಷ್ಟೇ ತಕರಾರಾಗಿದ್ದರೆ ಊರಿನ ಹೆಸರು ಏನು ಪಾಪ ಮಾಡಿತ್ತು, ಹೇಳಿ?

ಪೂರ್ತಿ ತೋರಿಸುವ ಧೈರ್ಯ ಇಲ್ಲ ಅಂದರೆ ಬೇರೆ ಸಿನಿಮಾ ಹಾಕಿ, ಯಾರೂ ಬೈಯಲ್ಲ. ಇದನ್ನೇ ಹಾಕುವುದಾದರೆ ಬೆರ್ನಾಲ್ ನಮ್ಮ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಓದಿದವರು ಅಂತ ಪೋಸ್ಟರ್‌ನಲ್ಲಿ ಬರೆಯಿರಿ, ಗಿರೀಶ್ ಕಾಸರವಳ್ಳಿ ಕಲಿತಿದ್ದೂ ಅಲ್ಲೇ ಅಲ್ವಾ, ಜನ ಜಾಸ್ತಿ ಬರುತ್ತಾರೆ. ಮಕ್ಕಳನ್ನು ಕರೆತರಬೇಡಿ ಅಂತ ಅದೇ ಪೋಸ್ಟರ್‌ನಲ್ಲಿ ದೊಡ್ಡಕ್ಷರದಲ್ಲಿ ಹಾಕಿ.