ಪೈಥಾನ್‌ನಲ್ಲಿ ಕನ್ನಡದ ಉದ್ದನೆಯ ಸಾಲುಗಳನ್ನು 40 ಅಕ್ಷರಕ್ಕೆ ಮುರಿಯುವುದು ಹೇಗೆ?

‘40 ಅಕ್ಷರ’ ಎಂದು ಬರೆದಿದ್ದೀರಲ್ಲ, ಅದನ್ನು ಓದಿದೊಡನೆ ನನ್ನ ಕಣ್ಣ ಮುಂದೆ ಒಂದು ಕರಿಕಲ್ಲು ಬಂದು ನಿಂತಿತು. ಸಾಲು ಮುರಿಯಲೆಂದೇ ಪೈಥಾನ್‌ನಲ್ಲಿರುವ ಟೆಕ್ಸ್ಟ್‌ವ್ರ್ಯಾಪ್ ಸಾಕೇ, ಪಠ್ಯದಲ್ಲಿ ಮಾದರಿ ಹುಡುಕುವ ರೆಜೆಕ್ಸ್ ಬರೆಯಬೇಕೇ ಎಂಬ ನಿಮ್ಮ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ಕಲ್ಲಿನ ವಿಷಯ.

ನಾನು ಓದಿದ ಹಳ್ಳಿಯ ಶಾಲೆಗೆ 75 ವರ್ಷ ತುಂಬಿದಾಗ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಎರಡು ಕೊಠಡಿ ಕಟ್ಟಿಸಿದೆವು. ದೇಣಿಗೆ ಕೊಟ್ಟವರ ಹೆಸರುಗಳನ್ನು ಗ್ರಾನೈಟ್ ಫಲಕದ ಮೇಲೆ ಕೆತ್ತಿಸಿ ಗೋಡೆಗೆ ಕೂರಿಸುವುದೆಂದು ತೀರ್ಮಾನವಾಯಿತು. ಒಟ್ಟು 212 ನಮೂದುಗಳು. ಕೆಲವರು ಒಬ್ಬೊಬ್ಬರೇ ಕೊಟ್ಟಿದ್ದರು, ಕೆಲವರು ‘1994ನೇ ಸಾಲಿನ ಹಳೆಯ ವಿದ್ಯಾರ್ಥಿಗಳು’ ಎಂದು ಗುಂಪಾಗಿ ಕೊಟ್ಟಿದ್ದರು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಾನೆ ಎಂಬ ಒಂದೇ ಅರ್ಹತೆಯ ಮೇಲೆ ಪಟ್ಟಿ ನನ್ನ ತಲೆಗೆ ಬಂತು.

ಕಲ್ಲು ಕೆತ್ತುವವರು ಹಳಬರು. ಉಳಿ, ಸುತ್ತಿಗೆ ಬಿಟ್ಟು ಬಹಳ ಕಾಲವಾಗಿದೆ. ಈಗ ಸ್ಟಿಕ್ಕರ್ ಕತ್ತರಿಸಿ ಕಲ್ಲಿಗೆ ಅಂಟಿಸಿ, ಅದರ ಮೇಲೆ ಮರಳು ಹೊಡೆದು ಅಕ್ಷರ ಕೊರೆಯುತ್ತಾರೆ, ಕೊರೆದ ಕಡೆ ಚಿನ್ನದ ಬಣ್ಣ ತುಂಬುತ್ತಾರೆ. ಕೂಲಿ ಮಾತ್ರ ಹಳೆಯ ಪದ್ಧತಿಯಲ್ಲೇ, ಅಕ್ಷರಕ್ಕೆ ಇಷ್ಟು ಎಂದು. ಫೋನಿನಲ್ಲಿ ಅವರು ಹೇಳಿದ್ದು ಇಷ್ಟೇ: “ಕಲ್ಲಿಗೆ ಮೂರು ಕಾಲಂ ಬರುತ್ತದೆ ಸಾರ್. ಕಾಲಂನ ಒಂದು ಸಾಲಿಗೆ 14 ಅಕ್ಷರ ಹಿಡಿಯುತ್ತದೆ. ಅದಕ್ಕಿಂತ ಜಾಸ್ತಿ ತುರುಕಬೇಡಿ.”

14. ನನಗೆ ಬೇಕಾಗಿದ್ದು ಒಂದು ಸಂಖ್ಯೆ, ಸಿಕ್ಕಿತು. ಪಟ್ಟಿಯನ್ನು ಪೈಥಾನ್‌ಗೆ ಓದಿಸಿದೆ, ಟೆಕ್ಸ್ಟ್‌ವ್ರ್ಯಾಪ್‌ನ ವ್ರ್ಯಾಪ್ ಫಂಕ್ಷನ್‌ಗೆ ಅಗಲ 14 ಎಂದು ಕೊಟ್ಟೆ, ಬಂದದ್ದನ್ನು ಕಡತಕ್ಕೆ ಬರೆಸಿದೆ. ಎಲ್ಲ ಸೇರಿ ಆರೇಳು ಸಾಲಿನ ಸ್ಕ್ರಿಪ್ಟ್. ಡಿಟಿಪಿ ಮಾಡುವ ಹುಡುಗ ಇಡೀ ದಿನ ಕೂತು ಎಂಟರ್ ಒತ್ತುವ ಕೆಲಸವನ್ನು ಹತ್ತು ನಿಮಿಷದಲ್ಲಿ ಮುಗಿಸಿದೆ ಎಂಬ ಹೆಮ್ಮೆ ಬೇರೆ. ಅದಕ್ಕೆ ಮುಂಚೆ ಆತ ಪಟ್ಟಿಯ ಒಂದು ಭಾಗವನ್ನು ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿಗೆ ಬದಲಿಸಲು ಹೋಗಿ ಒತ್ತಕ್ಷರಗಳನ್ನೆಲ್ಲ ಕಲಸುಮೇಲೋಗರ ಮಾಡಿದ್ದ. ಆ ಸಿಟ್ಟಿನಲ್ಲಿ, “ಯೂನಿಕೋಡ್ ಫಾಂಟಿನಲ್ಲೇ ಹಾಕಿ. ನಾನು ಕಳಿಸಿದ್ದು ಹೇಗಿದೆಯೋ ಹಾಗೆ. ಒಂದು ಚುಕ್ಕಿಯನ್ನೂ ಮುಟ್ಟಬೇಡಿ” ಎಂದು ತಾಕೀತು ಮಾಡಿದ್ದೆ. ಈ ಚುಕ್ಕಿಯ ಮಾತನ್ನು ನೆನಪಿಟ್ಟುಕೊಳ್ಳಿ.

ನನಗೆ ಒಂದು ಎಚ್ಚರಿಕೆ ಸಿಕ್ಕಿತ್ತು. ಕೂಲಿ ಎಷ್ಟಾಗಬಹುದೆಂದು ತಿಳಿಯಲು ಇಡೀ ಪಟ್ಟಿಗೆ ಪೈಥಾನ್‌ನ ಉದ್ದ ಎಣಿಸುವ ಫಂಕ್ಷನ್ ಲೆನ್ ಹಾಕಿ ಅಕ್ಷರಗಳನ್ನು ಎಣಿಸಿ ದರದಿಂದ ಗುಣಿಸಿದ್ದೆ. ಕೆತ್ತುವವರು ಕೈಯಲ್ಲಿ ಬರೆದು ಕಳಿಸಿದ ಅಂದಾಜು ನನ್ನ ಲೆಕ್ಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿತ್ತು, ಅಷ್ಟೇ. ಶಾಲೆಯ ಕೆಲಸವೆಂದು ರಿಯಾಯಿತಿ ಕೊಟ್ಟಿದ್ದಾರೆ, ಪುಣ್ಯಾತ್ಮರು ಎಂದುಕೊಂಡೆ. ಫೋನ್ ಮಾಡಿ ಧನ್ಯವಾದವನ್ನೂ ಹೇಳಿದೆ. ಅವರಿಗೆ ಏನೂ ಅರ್ಥವಾಗದೆ “ಆಗಲಿ ಸಾರ್” ಎಂದರು.

ಉದ್ಘಾಟನೆಯ ದಿನ ಪರದೆ ಸರಿಯಿತು, ಚಪ್ಪಾಳೆಯಾಯಿತು, ಎಲ್ಲರೂ ತಮ್ಮ ತಮ್ಮ ಹೆಸರು ಹುಡುಕಿಕೊಂಡು ಫೋಟೊ ತೆಗೆಸಿಕೊಂಡರು. ನನಗಿಂತ ಎರಡು ವರ್ಷ ಮುಂದಿದ್ದ ಅಕ್ಕ ಒಬ್ಬರು ಕಲ್ಲಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು ನನ್ನನ್ನು ಕರೆದರು. “ಏನಪ್ಪಾ, ನಮಗೆ ಮಾತ್ರ ರಂಗೋಲಿ ಹಾಕಿಸಿದ್ದೀಯಲ್ಲ, ಏನು ವಿಶೇಷ?”

ಅವರು ಬೆರಳಿಟ್ಟ ಜಾಗದಲ್ಲಿ ಮೂರು ಸಾಲುಗಳು ಹೀಗಿದ್ದವು:

1994ನೇ ಸಾಲಿನ
ಹಳೆಯ ವಿದ್ಯಾರ್ಥ
◌ಿನಿಯರು

ಸಣ್ಣ ಚುಕ್ಕಿಗಳ ಒಂದು ಉಂಗುರ, ಅದರ ತಲೆಯ ಮೇಲೆ ಗುಡಿಸು. ಪ್ರತಿ ಚುಕ್ಕಿಯೂ ಅಚ್ಚುಕಟ್ಟಾಗಿ ಕೊರೆದಿತ್ತು, ಪ್ರತಿ ಚುಕ್ಕಿಗೂ ಚಿನ್ನದ ಬಣ್ಣ. ಹೆಣ್ಣುಮಕ್ಕಳ ಇನ್ನೆರಡು ಬ್ಯಾಚುಗಳ ಹೆಸರಲ್ಲೂ ಅದೇ ರಂಗೋಲಿ. ಹುಡುಗರ ಬ್ಯಾಚುಗಳು ಮಾತ್ರ ಒಂದು ಗೆರೆಯೂ ಕೊಂಕದೆ ನಿಂತಿದ್ದವು.

ಯಾಕೆ ಹೀಗಾಯಿತು ಎಂಬುದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬೇಸರಪಡಬೇಡಿ. ಈ ಒಂದು ವಿಷಯಕ್ಕೆ ನಾನು 23,000 ರೂಪಾಯಿ ತೆತ್ತಿದ್ದೇನೆ.

‘ವಿದ್ಯಾರ್ಥಿನಿಯರು’ ಎಂಬ ಪದವನ್ನು ಕೆತ್ತುವವರು ಎಣಿಸುವುದು ಹೀಗೆ: ವಿ, ದ್ಯಾ, ರ್ಥಿ, ನಿ, ಯ, ರು. ಆರು. ನೀವೂ ನಾನೂ ಒಂದನೇ ತರಗತಿಯಲ್ಲಿ ಎಣಿಸಲು ಕಲಿತದ್ದೂ ಹಾಗೆಯೇ. ಪೈಥಾನ್‌ನ ಲೆನ್ ಎಣಿಸುವುದು ಕೋಡ್‌ಪಾಯಿಂಟುಗಳನ್ನು, ಅಂದರೆ ಯೂನಿಕೋಡ್ ಪಟ್ಟಿಯಲ್ಲಿ ಬೇರೆ ಬೇರೆ ಸಂಖ್ಯೆ ಪಡೆದ ಬಿಡಿ ತುಣುಕುಗಳನ್ನು. ವ ಒಂದು, ಅದರ ಗುಡಿಸು ಇನ್ನೊಂದು; ದ, ಆಮೇಲೆ ಹಲಂತ (ವ್ಯಂಜನದ ಸ್ವರ ಕಳೆಯುವ ಚಿಹ್ನೆ), ಆಮೇಲೆ ಯ, ಆಮೇಲೆ ದೀರ್ಘ; ರ, ಹಲಂತ, ಥ, ಗುಡಿಸು. ಹೀಗೆ ಎಣಿಸಿದರೆ 15. ‘ವಿದ್ಯಾರ್ಥಿಗಳು’ ಎಂಬುದಕ್ಕೆ 13. ನನ್ನ 14 ಸರಿಯಾಗಿ ಇವೆರಡರ ನಡುವೆ ಕೂತಿತ್ತು. ಹುಡುಗರು ಪಾರಾಗಿದ್ದು, ಹುಡುಗಿಯರು ಸಿಕ್ಕಿಬಿದ್ದದ್ದು ಇದರಿಂದ. ಸ್ಕ್ರಿಪ್ಟ್ ಬರೆದಾಗ ನಾನು ಪರೀಕ್ಷೆಗೆ ಹಾಕಿದ್ದು ನನ್ನದೇ ಬ್ಯಾಚಿನ ಸಾಲನ್ನು. ಅದು ಹುಡುಗರದು.

ಇಷ್ಟೇ ಆಗಿದ್ದರೆ ಸಾಲು ತಪ್ಪಾದ ಕಡೆ ಮುರಿಯುತ್ತಿತ್ತು, ಅಕ್ಷರ ಮುರಿಯುತ್ತಿರಲಿಲ್ಲ. ಟೆಕ್ಸ್ಟ್‌ವ್ರ್ಯಾಪ್‌ನಲ್ಲಿ ‘ಬ್ರೇಕ್ ಲಾಂಗ್ ವರ್ಡ್ಸ್’ ಎಂಬ ಆಯ್ಕೆಯೊಂದಿದೆ, ನೀವು ಏನೂ ಹೇಳದಿದ್ದರೆ ಅದು ಟ್ರೂ ಆಗಿಯೇ ಇರುತ್ತದೆ. ಅಗಲಕ್ಕಿಂತ ಉದ್ದವಾದ ಪದ ಬಂದರೆ ಅದನ್ನು ಹೊಸ ಸಾಲಿಗೆ ಒಯ್ದು ಅಲ್ಲಿ ಕತ್ತರಿಸುತ್ತದೆ ಎಂದು ನಾನು ಭಾವಿಸಿದ್ದೆ. ಇಲ್ಲ, ಈಗಿರುವ ಸಾಲಿನಲ್ಲಿ ಎಷ್ಟು ಜಾಗ ಉಳಿದಿದೆಯೋ ಅಷ್ಟಕ್ಕೆ ಪದದ ತಲೆಯನ್ನು ತುರುಕಿ, ಉಳಿದದ್ದನ್ನು ಕೆಳಗೆ ತಳ್ಳುತ್ತದೆ. ‘ಹಳೆಯ’ ಮತ್ತು ಒಂದು ಖಾಲಿ ಜಾಗಕ್ಕೆ 5 ಹೋಯಿತು, 9 ಉಳಿಯಿತು. ವಿದ್ಯಾರ್ಥಿನಿಯರು ಪದದ ಒಂಬತ್ತನೆಯ ತುಣುಕು ಥ, ಹತ್ತನೆಯದು ಅದರ ಗುಡಿಸು. ಕತ್ತರಿ ಸರಿಯಾಗಿ ಅವೆರಡರ ನಡುವೆ ಬಿತ್ತು. ಗುಡಿಸು ಒಂಟಿಯಾಗಿ ಕೆಳಗಿನ ಸಾಲಿಗೆ ಬಂತು. ಕೂರಲು ವ್ಯಂಜನವಿಲ್ಲದ ಸ್ವರಚಿಹ್ನೆ ಬಂದರೆ ಅಕ್ಷರ ಜೋಡಿಸುವ ತಂತ್ರಾಂಶ ಅದರ ಕೆಳಗೆ ಚುಕ್ಕಿಗಳ ವೃತ್ತವೊಂದನ್ನು ಇಡುತ್ತದೆ: ಇಲ್ಲಿ ಏನೋ ತಪ್ಪಿದೆ, ನೋಡಿ ಎಂದು. ಡಿಟಿಪಿ ಹುಡುಗ ನೋಡಿದ್ದ. “ಚುಕ್ಕಿಯನ್ನೂ ಮುಟ್ಟಬೇಡಿ ಎಂದಿದ್ದಿರಲ್ಲ ಸಾರ್” ಎಂದ. ನಾನೂ ಟರ್ಮಿನಲ್‌ನಲ್ಲಿ ನೋಡಿದ್ದೆ. ಟರ್ಮಿನಲ್‌ನಲ್ಲಿ ಕನ್ನಡ ಯಾವಾಗಲೂ ಹೀಗೆಯೇ ಹರಿದುಹೋದಂತೆ ಕಾಣುತ್ತದೆ ಎಂದು ಕಣ್ಣು ಮುಚ್ಚಿಕೊಂಡಿದ್ದೆ.

ಕಣ್ಣಿನ ಲೆಕ್ಕದಲ್ಲಿ ‘ಹಳೆಯ ವಿದ್ಯಾರ್ಥಿನಿಯರು’ ಎಂದರೆ ನಡುವಿನ ಜಾಗವೂ ಸೇರಿ 10. ಮುರಿಯುವ ಅಗತ್ಯವೇ ಇರಲಿಲ್ಲ, ಒಂದೇ ಸಾಲಿನಲ್ಲಿ ಆರಾಮವಾಗಿ ಕೂರುತ್ತಿತ್ತು.

ವಿಷಯವನ್ನೆಲ್ಲ ವಿವರಿಸಿದಾಗ ಕೆತ್ತುವವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಒತ್ತಿಗೆ ನಾನು ಯಾವತ್ತೂ ಬೇರೆ ಕೂಲಿ ತೆಗೆದುಕೊಂಡವನಲ್ಲ ಸಾರ್” ಎಂದರು. ಆಗ ನನಗೆ ಆ ‘ರಿಯಾಯಿತಿ’ ಅರ್ಥವಾಯಿತು. ಹೊಸ ಕಲ್ಲು ನನ್ನ ಖರ್ಚಿನಲ್ಲಿ ಬಂತು. ಹಳೆಯದನ್ನು ಬಿಸಿಯೂಟದ ಅಡುಗೆಮನೆಯ ಹಿಂದೆ, ಮಕ್ಕಳು ತಟ್ಟೆ ತೊಳೆಯುವ ನಲ್ಲಿಯ ಕೆಳಗೆ ಹಾಸಿದ್ದಾರೆ. ಮಗುಚಿ ಹಾಸಿ ಎಂದು ಬೇಡಿಕೊಂಡೆ, ಯಾರೂ ಕೇಳಲಿಲ್ಲ. ಆ ಚುಕ್ಕಿಗಳಲ್ಲಿ ಈಗ ಸಾರಿನ ನೀರು ನಿಲ್ಲುತ್ತದೆ.

ಇನ್ನು ನಿಮ್ಮ ಪ್ರಶ್ನೆ. ರೆಜೆಕ್ಸ್‌ನಲ್ಲಿ ಪದಗಳನ್ನು ಹಿಡಿಯಲು ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಬಳಸುವ ಯೋಚನೆಯಿದ್ದರೆ ಈಗಲೇ ಕೈಬಿಡಿ. ಪೈಥಾನ್‌ನ ಜೊತೆಗೇ ಬರುವ ‘ಆರ್‌ಇ’ ಮಾಡ್ಯೂಲ್‌ಗೆ ಸ್ವರಚಿಹ್ನೆಯೂ ಹಲಂತವೂ ಪದದ ಭಾಗವಲ್ಲ. ‘ಕನ್ನಡ’ ಎಂಬ ಪದವನ್ನು ಕೊಟ್ಟರೆ ‘ಕನ’, ‘ನಡ’ ಎಂದು ಎರಡು ಪದ ಮಾಡಿ ಕೈಗಿಡುತ್ತದೆ. ಭಾಷೆಯ ಹೆಸರನ್ನೇ ಸರಿಯಾಗಿ ಹಿಡಿಯಲಾಗದ ಸಾಧನದಿಂದ ಆ ಭಾಷೆಯ ಸಾಲು ಮುರಿಸಲು ನನಗೆ ಧೈರ್ಯವಿಲ್ಲ. ಖಾಲಿ ಜಾಗದಲ್ಲಿ ಸ್ಪ್ಲಿಟ್ ಮಾಡುವುದರಿಂದ ಅಪಾಯವಿಲ್ಲ, ಅದನ್ನು ಮಾಡಿ.

‘ರೆಜೆಕ್ಸ್’ ಎಂಬ ಹೆಸರಿನದೇ ಇನ್ನೊಂದು ಮಾಡ್ಯೂಲನ್ನು ಹಾಕಿಕೊಂಡು ಬ್ಯಾಕ್‌ಸ್ಲ್ಯಾಶ್ ದೊಡ್ಡ ಎಕ್ಸ್ ಬಳಸಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಕಲ್ಲಿನ ಪ್ರಕರಣದ ನಂತರ ನಾನೂ ಅದನ್ನೇ ಮಾಡಿದೆ. ಅದು ಗ್ರಾಫೀಮ್ ಗುಚ್ಛಗಳನ್ನು, ಅಂದರೆ ಒಂದೇ ಅಕ್ಷರವೆಂದು ಯೂನಿಕೋಡ್ ಎಣಿಸುವ ತುಣುಕುಗಳ ಗುಂಪನ್ನು ಹಿಡಿಯುತ್ತದೆ; ಗುಡಿಸು ಒಂಟಿಯಾಗುವುದಿಲ್ಲ, ರಂಗೋಲಿ ಬರುವುದಿಲ್ಲ. ಆದರೆ ಹಲಂತದ ನಂತರ ಕತ್ತರಿಸುತ್ತದೆ: ವಿ, ದ್, ಯಾ, ರ್, ಥಿ, ನಿ, ಯ, ರು. ಆರರ ಬದಲು ಎಂಟು. ಒತ್ತಕ್ಷರ ಒಡೆದು ಅರ್ಕಾವತ್ತು ಬಿಡಿಯಾಗಿ ‘ರ್’ ಎಂದು ಸಾಲಿನ ಕೊನೆಯಲ್ಲಿ ನೇತಾಡುತ್ತದೆ. 2023ರಲ್ಲಿ ಬಂದ ಯೂನಿಕೋಡ್ 15.1 ಆವೃತ್ತಿ ಒತ್ತಕ್ಷರವನ್ನು ಒಡೆಯಬಾರದು ಎಂಬ ನಿಯಮವನ್ನು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಸೇರಿಸಿತು. ಆ ಆವೃತ್ತಿಯ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಪಕ್ಕದ ಮನೆಯ ತೆಲುಗಿಗೆ ಊಟ ಬಡಿಸಿ ನಮ್ಮ ಎಲೆ ಮಡಚಿದ ಹಾಗಾಯಿತು ಎಂದು ಆ ದಿನ ಬಹಳ ಹೊತ್ತು ಗೊಣಗಿದ್ದೇನೆ.

ಹಾಗಾಗಿ ಅಕ್ಷರ ಎಣಿಸಲೇಬೇಕೆಂದಿದ್ದರೆ ನಿಯಮವನ್ನು ನೀವೇ ಬರೆಯಬೇಕು. ಕಷ್ಟವಲ್ಲ. ಒಂದು ವ್ಯಂಜನ, ಅದರ ನಂತರ ‘ಹಲಂತ ಮತ್ತು ವ್ಯಂಜನ’ ಎಂಬ ಜೋಡಿ ಎಷ್ಟು ಸಲ ಬೇಕಾದರೂ, ಕೊನೆಗೆ ಸ್ವರಚಿಹ್ನೆಯೋ ಬಿಡಿ ಹಲಂತವೋ ಇರಬಹುದು, ಅನುಸ್ವಾರ ಅಥವಾ ವಿಸರ್ಗ ಇರಬಹುದು. ಸ್ವತಂತ್ರ ಸ್ವರಗಳಿಗೆ ಇನ್ನೊಂದು ಸಾಲು. ಅದಕ್ಕೆ ಮುಂಚೆ ಪಠ್ಯವನ್ನು ಎನ್‌ಎಫ್‌ಸಿ ರೂಪಕ್ಕೆ (ಒಂದು ಅಕ್ಷರವನ್ನು ಯಾವಾಗಲೂ ಒಂದೇ ರೀತಿಯ ತುಣುಕುಗಳಲ್ಲಿ ಬರೆಯುವ ಯೂನಿಕೋಡ್‌ನ ರೂಪ) ತನ್ನಿ, ಇಲ್ಲದಿದ್ದರೆ ‘ದೇ’ ಎಂಬುದು ಒಮ್ಮೆ ಎರಡು ತುಣುಕಾಗಿ, ಇನ್ನೊಮ್ಮೆ ಮೂರು ತುಣುಕಾಗಿ ಬರುತ್ತದೆ. ಕಣ್ಣಿಗೆ ಕಾಣದ ಜೋಡಕಗಳನ್ನು ಕಸವೆಂದು ಗುಡಿಸಿ ಹಾಕಬೇಡಿ. ‘ರ‍್ಯಾಂಕ್’ ಎಂದು ಬರೆದಾಗ ರ ಮುಂದೆ ನಿಂತು ಯ ಒತ್ತಾಗುವುದು ಅಂಥ ಒಂದರಿಂದಲೇ. ತೆಗೆದರೆ ಅದು ಅರ್ಕಾವತ್ತಿಗೆ ತಿರುಗುತ್ತದೆ.

ಆದರೆ ನನ್ನನ್ನು ಕೇಳಿದರೆ ಎಣಿಸುವುದೇ ತಪ್ಪು. ನಲವತ್ತು ಅಕ್ಷರ ಎಂಬ ಅಳತೆ ಎಲ್ಲ ಅಕ್ಷರಗಳೂ ಒಂದೇ ಅಗಲವಿರುವ ಟೈಪ್‌ರೈಟರಿನ ಕಾಲದ್ದು. ಕನ್ನಡದಲ್ಲಿ ‘ಯೋ’ ಎಷ್ಟು ಜಾಗ ತಿನ್ನುತ್ತದೆ, ‘ರ’ ಎಷ್ಟು ತಿನ್ನುತ್ತದೆ, ನೀವೇ ಬರೆದು ನೋಡಿ. ಕೆತ್ತುವವರ 14 ಕೂಡ ಅಂದಾಜೇ. ಅವರು ಕಲ್ಲಿನ ಮುಂದೆ ನಿಂತಾಗ ‘ಸ್ತ್ರೀ’ ಬಂದರೆ ಕೆಳಗಿನ ಸಾಲನ್ನು ಒಂದು ಬೆರಳು ಇಳಿಸುತ್ತಾರೆ. ನನ್ನ ಸ್ಕ್ರಿಪ್ಟಿಗೆ ಬೆರಳಿರಲಿಲ್ಲ. ಅಗಲವನ್ನು ನಿಜವಾಗಿ ಅಳೆಯಬೇಕಾದರೆ ಫಾಂಟನ್ನೇ ಕೇಳಬೇಕು. ಪಿಲ್ಲೋ ಗ್ರಂಥಾಲಯದ ‘ಗೆಟ್‌ಲೆಂಗ್ತ್’ ಇದನ್ನು ಮಾಡುತ್ತದೆ, ಅದೂ ಒತ್ತು, ಸ್ವರಚಿಹ್ನೆಗಳನ್ನು ಸರಿಯಾಗಿ ಕೂರಿಸುವ ‘ರಾಕ್ಮ್’ ಎಂಬ ತಂತ್ರಾಂಶ ಜೊತೆಗಿದ್ದರೆ ಮಾತ್ರ; ಅದಿಲ್ಲದೆ ಒತ್ತುಗಳು ಜೋಡಣೆಯೇ ಆಗುವುದಿಲ್ಲ, ಅಳತೆಯೂ ಸುಳ್ಳು. ಅದಕ್ಕಿಂತ ಸುಲಭದ ದಾರಿ: ಮುರಿಯಲೇಬೇಡಿ. ಪ್ರತಿ ನಮೂದನ್ನು ಒಂದೇ ಉದ್ದನೆಯ ಸಾಲಾಗಿ ಕೊಡಿ. ಬ್ರೌಸರ್ ಇರಲಿ, ಲಿಬ್ರೆ ಆಫೀಸ್ ಇರಲಿ, ಪುಟ ಕಟ್ಟುವ ತಂತ್ರಾಂಶ ಇರಲಿ, ಫಾಂಟ್ ಯಾರ ಕೈಯಲ್ಲಿದೆಯೋ ಅವರೇ ಮುರಿಯಲಿ. ಎರಡನೆಯ ಕಲ್ಲಿಗೆ ನಾನು ಮಾಡಿದ್ದು ಇದನ್ನೇ. ಡಿಟಿಪಿ ಹುಡುಗ ಒಂದು ಚೌಕ ಎಳೆದು ಪಠ್ಯ ಸುರಿದ, ಅದು ತಾನಾಗಿ ಕೂತಿತು. ನನ್ನ ಸ್ಕ್ರಿಪ್ಟಿಗಿಂತ ಬೇಗ.

ಇಷ್ಟಾದರೂ ಟೆಕ್ಸ್ಟ್‌ವ್ರ್ಯಾಪ್ ಬಿಡುವುದಿಲ್ಲ ಎಂದರೆ, ಆ ‘ಬ್ರೇಕ್ ಲಾಂಗ್ ವರ್ಡ್ಸ್’ ಅನ್ನು ಫಾಲ್ಸ್ ಮಾಡಿ. ಆಗ ಉದ್ದನೆಯ ಪದ ಅಂಚು ದಾಟಿ ಹೊರಗೆ ಚಾಚುತ್ತದೆ. ಚಾಚಲಿ. ಚಾಚಿದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ, ಯಾರಾದರೂ ಕೇಳುತ್ತಾರೆ. ಪರೀಕ್ಷೆಗೆ ಪಟ್ಟಿಯ ಮೊದಲ ಐದು ಸಾಲು ತೆಗೆದುಕೊಳ್ಳದೆ ಅತಿ ಉದ್ದದ ಐದು ಪದಗಳನ್ನು ತೆಗೆದುಕೊಳ್ಳಿ. ಔಟ್‌ಪುಟ್‌ನಲ್ಲಿ ಯಾವುದಾದರೂ ಸಾಲು ಸ್ವರಚಿಹ್ನೆಯಿಂದಲೋ ಹಲಂತದಿಂದಲೋ ಆರಂಭವಾಗಿದೆಯೇ ಎಂದು ಒಮ್ಮೆ ಹುಡುಕಿಸಿ. ಎರಡು ಸಾಲಿನ ಕೋಡ್, ನನಗೆ ಒಂದು ಕಲ್ಲು ಉಳಿಯುತ್ತಿತ್ತು.

40 ಎಂಬ ಸಂಖ್ಯೆ ಎಲ್ಲಿಂದ ಬಂತೆಂದು ನೀವು ಬರೆದಿಲ್ಲ. ಎಸ್‌ಎಂಎಸ್ ಕಳಿಸಲು ಎಂದಾದರೆ ಮಾತ್ರ ನಾನು ಮೇಲೆ ಹೇಳಿದ್ದು ನಡೆಯುವುದಿಲ್ಲ. ಅಲ್ಲಿ ಕನ್ನಡದ ಸಂದೇಶಕ್ಕೆ ಮಿತಿ 70, ಒಂದಕ್ಕಿಂತ ಹೆಚ್ಚು ಭಾಗಗಳಾಗಿ ಜೋಡಿಸಿ ಕಳಿಸಿದರೆ ಭಾಗಕ್ಕೆ 67, ಎಣಿಸುವುದೂ ಕೋಡ್‌ಪಾಯಿಂಟುಗಳನ್ನೇ. ಲೆನ್ ಕೊಟ್ಟ ಉತ್ತರ ಅಲ್ಲಿ ಸರಿ. ನೀವೇ ತುಂಡು ಮಾಡಿ ಬಿಡಿ ಸಂದೇಶಗಳಾಗಿ ಕಳಿಸುವುದಾದರೆ ಮಿತಿಗೆ ಬಂದು ನಿಂತ ಮೇಲೆ ಹಿಂದಕ್ಕೆ ನಡೆದು, ಮೊದಲು ಸಿಕ್ಕ ಖಾಲಿ ಜಾಗದಲ್ಲಿ ಕತ್ತರಿಸಿ.